ಪೆನ್ಸಿಲ್ ಮೊನೆಯ ನೆರಳು

ಆಗಷ್ಟೇ ಹೆರೆಸಿಕೊಂಡು ಬಂದ ಪೆನ್ಸಿಲ್ಲಿಗೆ ತನ್ನ ಮೊನೆಯ ಮೇಲೆ ಬಲು ಜಂಬ. ಕಿಟಕಿಯ ಬಿಸಿಲಲ್ಲಿದ್ದ ಹಿತ್ತಾಳೆ ಚೆಂಬಿನ ಚಿತ್ರ ಬರೆದು, ಅದರ ನೆರಳಿಗೂ ಸುತ್ತ ಕಪ್ಪು ಗೆರೆ ಎಳೆದುಬಿಟ್ಟಿತು.

"ಅಯ್ಯಾ, ನನ್ನ ಪಕ್ಕದಲ್ಲಿ ಗುಂಡಿ ತೋಡಿದ್ದೀಯಲ್ಲ!" ಎಂದಿತು ಚೆಂಬು. "ನೆರಳಿನ ಅಂಚು ನನ್ನ ಬುಡದಲ್ಲಿ ಮಾತ್ರ ಗಟ್ಟಿ. ದೂರ ಹೋದ ಹಾಗೆ ಕರಗುತ್ತದೆ, ನೋಡು."

"ನನ್ನಂಥ ಚೂಪಾದವನಿಗೆ ಎಲ್ಲ ಅಂಚೂ ಚೂಪೇ," ಎಂದು ಪೆನ್ಸಿಲ್ ಸಿಡುಕಿತು.

"ಹಾಗಾದರೆ ಮೊನೆ ಮೇಲೆ ಮಾಡಿ ನಿಂತು, ನಿನ್ನ ನೆರಳನ್ನೇ ನೋಡಿಕೋ."

ಪೆನ್ಸಿಲ್ ನಿಂತು ನೋಡಿತು. ಬುಡದ ಬಳಿ ನೆರಳು ಕೊರೆದಿಟ್ಟಂತಿತ್ತು. ಆಚೆ ಹೋದಂತೆ ಮಸುಕಾಗಿ, ಮೊನೆ ಬೀಳಬೇಕಾದ ಕಡೆ ಬರೀ ಬೂದು ಮಬ್ಬಿತ್ತು.

ಪೆನ್ಸಿಲ್ ಹೊಸ ಹಾಳೆಯ ಮೇಲೆ ಮೆಲ್ಲಗೆ ಮಗ್ಗುಲಾಗಿ, ಗೆರೆ ಎಳೆಯದೆ ಚೆಂಬಿನ ನೆರಳನ್ನು ಸವರತೊಡಗಿತು.