ಗಾದಿಲಿಂಗನ ನೀರಿನ ರೊಕ್ಕ

ಹೂಂ ಅನ್ನೋರು ಹತ್ತಿರ ಬನ್ನಿ, ಆಕಳಿಸೋರು ಮಲಗಿಬಿಡಿ!

ಒಂದೂರಲ್ಲಿ ಹಂಪಮ್ಮ ಅಂತ ಒಬ್ಬಳು ಅವ್ವ. ಅವಳಿಗೆ ಒಬ್ಬನೇ ಮಗ, ಗಾದಿಲಿಂಗ. ಎತ್ತಿನಂಥ ಆಳು, ಬುದ್ಧಿ ಮಾತ್ರ ಅದರ ಬಾಲದಷ್ಟು. ಹೇಳಿದ್ದು ಮಾಡ್ತಾನೆ, ಹೇಳಿದಷ್ಟೇ ಮಾಡ್ತಾನೆ!

ಊರ ಬಾವಿ ನೀರು ಸವಳು. ಸಿಹಿನೀರಿಗೆ ದೂರದ ಹಳ್ಳವೇ ಗತಿ. ಹೊತ್ತು ಹೊತ್ತು ಹಂಪಮ್ಮನ ಮೊಣಕಾಲು ಸವೆದಿದ್ದವು. ಅಂಥಾದ್ದರಲ್ಲಿ ಊರಿಗೊಂದು ಸಣ್ಣ ಟಾಕಿ ಬಂತು, ಮನೆಮನೆಗೆ ನಲ್ಲಿ ಬಂತು. ನೀರು ಬಿಡೋ ನೀರುಗಂಟಿ ಸಣ್ಣೀರಪ್ಪ ಸಾರಿದ: "ಎಲ್ಲಾ ಮನಿಯವ್ರು ತಿಂಗಳಾ ರೊಕ್ಕ ಕೊಟ್ರ ದಿನಾ ನೀರು! ಕೊಡದಿದ್ರ ಮೋಟಾರು ಬಂದ್!"

"ನೀರಿಗೂ ರೊಕ್ಕೇನು?" ಅಂತ ಊರೆಲ್ಲ ಗೊಣಗಿತು. ಹಂಪಮ್ಮ ಮಾತ್ರ ರೊಟ್ಟಿ ಬಡಿದು ಮಾರಿ ಉಳಿಸಿದ್ದ ರೊಕ್ಕವನ್ನು ಮಗನ ಕೈಗಿಟ್ಟಳು. "ಹೋಗಪ್ಪಾ, ನೀರಿಗೆ ಕೊಟ್ಟು ಬಾ."

ಹೋದ. ಟಾಕಿ ಹತ್ತಿದ. ಹಾಕಿದ!

"ಕೊಟ್ಟೆ ಬೇ! ನೀರು ಗುಳಕ್ ಅಂತ ನುಂಗಿತು!"

"ಥೂ ಹೆಡ್ಡ! ನೀರಿಗಲ್ಲೋ, ನೀರು ಕೊಟ್ಟೋರ ಕೈಯಾಗ ಇಡಬೇಕು!"

"ಆತ ಬೇ, ಇನ್ನ ಹಂಗ ಮಾಡ್ತೀನಿ!"

ಮತ್ತೆ ರೊಟ್ಟಿ ಬಡಿದಳು, ಮತ್ತೆ ರೊಕ್ಕ ಕೊಟ್ಟಳು. ದಾರಿಯಲ್ಲಿ ಅದೇ ಓಣಿಯ ಯಂಕಮ್ಮ ತನ್ನ ಮನೆಯಿಂದ ಕರೆದಳು: "ಬಿಸಿಲಾಗ ಎತ್ತಾಗ ಹೊಂಟೀಯೋ? ಬಾ, ನೀರು ಕುಡಿ." ಬೆಲ್ಲ ಕೊಟ್ಟಳು, ತಂಬಿಗೆ ತುಂಬ ನೀರು ಕೊಟ್ಟಳು. ಗಾದಿಲಿಂಗ ತಿಂದ, ಕುಡಿದ, ರೊಕ್ಕವನ್ನು ಅವಳ ಕೈಯಲ್ಲಿಟ್ಟ!

"ಎಲಾ ಇವನ! ನಾವೇನು ನೀರು ಮಾರೋ ಮಂದಿಯೇನೋ?" ಅಂತ ಯಂಕಮ್ಮ ರೊಕ್ಕ ಎಸೆದು, ಕಿವಿ ಹಿಡಿದು ಮನೆಗಟ್ಟಿದಳು.

"ಅಯ್ಯೋ ನನ್ನ ಕರ್ಮವೇ!" ಹಂಪಮ್ಮ ಹಣೆ ಚಚ್ಚಿಕೊಂಡಳು. "ಅಂಥಲ್ಲಿ ರೊಕ್ಕ ಕೊಡಬಾರದೋ! ತುಂಬಿ ಕೊಟ್ಟ ಪಾತ್ರಿ ಖಾಲಿ ತಿರುಗಿ ಕೊಡಬಾರದು ಅಷ್ಟ. ಬೆಲ್ಲನಾದ್ರೂ ಹಾಕಿ ಕೊಡಬೇಕು!"

"ಆತ ಬೇ, ಇನ್ನ ಹಂಗ ಮಾಡ್ತೀನಿ!"

ಈ ಸಲ ಹಂಪಮ್ಮ ಕುಂಟುತ್ತಾ ತಾನೇ ಹೋಗಿ ಸಣ್ಣೀರಪ್ಪನಿಗೆ ರೊಕ್ಕ ಕೊಟ್ಟುಬಂದಳು. ಮಾರನೇ ಬೆಳಿಗ್ಗೆ ಬಾಗಿಲಲ್ಲೇ ನೀರು! ಹಂಪಮ್ಮ ನಲ್ಲಿಗೆ ಕೈ ಮುಗಿದು ಅತ್ತುಬಿಟ್ಟಳು. ಕೊಟ್ಟವರೂ ಹಿಡಿದರು, ಕೊಡದವರೂ ಹಿಡಿದರು; ಉಳಿದ ರೊಕ್ಕಕ್ಕೆ ತಿಂಗಳ ಕೊನೆತನಕ ಕಾಯ್ತೀನಿ ಅಂದಿದ್ದ ಸಣ್ಣೀರಪ್ಪ. ಸಂಜೆ ಗಾದಿಲಿಂಗ ಟಾಕಿ ಹತ್ತಿ ಇಣುಕಿದ. ಖಾಲಿ! ಓಡಿಬಂದ, ಯುಗಾದಿಗೆ ಇಟ್ಟಿದ್ದ ಬೆಲ್ಲದ ಪೆಂಟಿ ಹೊತ್ತೊಯ್ದು ಅದರೊಳಕ್ಕೆ ಎತ್ತಿಹಾಕಿದ.

ಬೆಳಗಾದರೆ ಊರಿನ ನಲ್ಲಿಯಲ್ಲೆಲ್ಲ ಪಾನಕ! ಗಾದಿಲಿಂಗ ಪೆಂಟಿ ಹೊತ್ತು ಟಾಕಿ ಹತ್ತಿದ್ದನ್ನು ಕಂಡವರಿದ್ದರು, ಊರೇ ಹಂಪಮ್ಮನ ಬಾಗಿಲಿಗೆ ಬಂತು. "ಯಾಕ ಹಾಕಿದ್ಯೋ?"

"ಅಷ್ಟು ನೀರು ತುಂಬಿ ಕೊಟ್ಟೈತಲ್ಲ! ಖಾಲಿ ಹೆಂಗ ಬಿಡ್ಲಿ?"

ಯಂಕಮ್ಮ ಸೆರಗಿನ ಗಂಟು ಬಿಚ್ಚಿದಳು. "ಖಾಲಿ ಬಿಟ್ಟೋರು ನಾವ ನೋಡವ್ವಾ. ಸಣ್ಣೀರಪ್ಪಾ, ತಗೋ ನನ್ನ ಪಾಲು." ಅವಳ ಹಿಂದೆ ಒಬ್ಬೊಬ್ಬರೂ ಕೊಟ್ಟರು. ಮೋಟಾರು ಬಂದ್ ಆಗೋದು ತಪ್ಪಿತು.

ಹಂಪಮ್ಮ ಎತ್ತಿದ್ದ ಪೊರಕೆ ಬಿಟ್ಟು ಮಗನ ತಲೆ ಸವರಿದಳು. "ನಿನ್ನಂಥ ಪೆದ್ದನ್ನ ಕೊಟ್ಟ ದೇವರು ತಣ್ಣಗಿರಲಿ. ಆದ್ರ ಮಗನೇ, ಅದು ಹೋಳಿಗಿ ಬೆಲ್ಲ ಆಗಿತ್ತಲ್ಲೋ!"

"ಅಷ್ಟಕ್ಕ ಯಾಕ ಅಳ್ತೀ ಬೇ? ಈಗ ತಂದೆ!" ಅಂದವನೇ ಗಾದಿಲಿಂಗ ಹಿಟ್ಟಿನ ಜರಡಿ ಹಿಡಿದು ಟಾಕಿ ಹತ್ತಿದ.