ಗೀಸರಿಗೆ ಕಾವಲು ಕೂತ ಬೋರ

ನಗೋರು ನಗಿ, ಬೇಡ ಅನ್ನಲ್ಲ. ನನಗೆ ಮಾತ್ರ ಈ ಕತೆ ಹೇಳೋವಾಗೆಲ್ಲ ಮೈ ಉರೀತದೆ. ಯಾಕೆ ಅಂತ ಕೇಳ್ತಾ ಕೇಳ್ತಾ ನಿಮಗೇ ಗೊತ್ತಾಗ್ತದೆ.

ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಬೋರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

"ಇವನ್ನ ಹೆರೋ ಬದ್ಲು ಒಂದು ಒರಳುಕಲ್ಲು ಹೆತ್ತಿದ್ರೆ ರುಬ್ಬಕ್ಕಾದ್ರೂ ಆಗೋದಲ್ಲಪ್ಪಾ!" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳೋಳು.

ಮಗಳು ಚೆಲುವಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಾಣಂತಿಗೆ, ಕೂಸಿಗೆ ದಿನಾ ಎಣ್ಣೆ ಒತ್ತಿ ಬಿಸಿನೀರು ಹಾಕೋದು ಅಂದರೆ ಹುಡುಗಾಟವೇ? ಹಂಡೆ ಒಲೆ ಊದಿ ಊದಿ ಸಣ್ಣತಾಯಮ್ಮನ ಕಣ್ಣು ಕೆಂಡ ಆಗಿತ್ತು. ಅದನ್ನ ನೋಡಿ ಅವಳಣ್ಣ ಜವರಪ್ಪ ಬಚ್ಚಲಿಗೆ ಒಂದು ಗೀಸರು ತಂದು ಹಾಕಿದ. ವೈರನ್ನೂ ತಾನೇ ಎಳೆದ. "ಅದಕ್ಯಾಕೆ ಎಲೆಕ್ಟ್ರಿಷಿಯನ್ನು? ನಾನಿಲ್ವಾ?" ಅಂದ.

ಈ ನಾನಿಲ್ವಾ ಅನ್ನೋರು ಇರ್ತಾರಲ್ಲ, ಅವರನ್ನ ಕಂಡರೇ ನನಗಾಗಲ್ಲ!

ಒಂದು ಬೆಳಿಗ್ಗೆ ಸಣ್ಣತಾಯಮ್ಮ ಕಾಲು ಚಾಚಿ, ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಬಚ್ಚಲಿಂದ ಸುಟ್ಟ ವಾಸನೆ ಬಂತು. ನೋಡಿದರೆ ಗೀಸರಿನ ಪ್ಲಗ್ಗು ಕಂದು ತಿರುಗಿ, ವೈರು ಮೆತ್ತಗಾಗಿದೆ.

"ಲೋ ಬೋರ! ವೈರು ಕಾದೋಗದೆ ಕಣ್ಲಾ! ಬ್ಯಾಗ ಏನಾರ ಮಾಡಿ ತಣ್ಣಗೆ ಮಾಡ್ಲಾ!"

ತಣ್ಣಗೆ ಮಾಡು ಅಂದಳಲ್ಲ? ಬೋರ ಒಂದು ಚೊಂಬು ತಣ್ಣೀರು ತಗೊಂಡು ವೈರಿನ ಮೇಲೆ ಎರಚಿದ. ಢಮಾರ್! ಬೆಂಕಿ ಕಿಡಿ ಹಾರಿತು, ಮನೆಯೆಲ್ಲ ಕರೆಂಟು ಹೋಯಿತು. ಅವನ ಆಯಸ್ಸು ಗಟ್ಟಿ, ಬದುಕಿಕೊಂಡ.

"ಅಯ್ಯೋ ಮುಂಡೇದೇ! ಕರೆಂಟಿಗೆ ನೀರು ಹುಯ್ತಾರೇನ್ಲಾ? ಬಿಸಿ ಆದೇಟ್ಗೆ ಮೊದ್ಲು ಮೇನ್ ಆಫ್ ಮಾಡ್ಬೇಕು, ಫ್ಯೂಸು ಕಿತ್ತು ಜೇಬಿಗೆ ಹಾಕ್ಕೋಬೇಕು!"

"ಆಯ್ತು ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಅವನನ್ನ ರಾಗಿ ಬೀಸಿಸಿಕೊಂಡು ಬಾ ಅಂತ ಮಿಲ್ಲಿಗೆ ಕಳಿಸಿದಳು. ಮಿಲ್ಲಿನ ಹಿಟ್ಟು ಹೇಗೆ ಬರ್ತದೆ? ಬಿಸಿಬಿಸಿಯಾಗಿ ಬರ್ತದೆ. ಬೋರ ಮುಟ್ಟಿ ನೋಡಿದ. ಅಯ್ಯಯ್ಯೋ ಬಿಸಿ! ಓಡಿಹೋಗಿ ಮೇನ್ ಆಫ್ ಮಾಡಿದ, ಫ್ಯೂಸು ಕಿತ್ತ, ಜೇಬಿಗೆ ಹಾಕಿಕೊಂಡ, ಮನೆಗೆ ಬಂದ. ಅವನ ಹಿಂದೆ ಮಿಲ್ಲಿನ ಮಾಲೀಕ, ಮಾಲೀಕನ ಹಿಂದೆ ಪುಟ್ಟಿ ಹೊತ್ತ ಹೆಂಗಸರ ದಂಡು!

"ಯಾರನ್ನ ಕೇಳಿ ಕೈ ಹಾಕ್ದೆ? ಕರೆಂಟ್ ಹೊಡ್ದು ಸತ್ತೋಗಿದ್ರೆ ನಾನು ಜೈಲಿಗೋಗ್ಬೇಕಿತ್ತಾ? ಏನೇ ಮುಟ್ಟೋಕೆ ಮುಂಚೆ ಟೆಸ್ಟರ್ ಇಟ್ಟು ನೋಡ್ಬೇಕು ಕಣೋ, ಏನೇ ಆಗ್ಲಿ!" ಅಂತ ಮಾಲೀಕ ಕೂಗಾಡಿದ.

"ಆಯ್ತು ಕಣಣ್ಣ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮಾರನೇ ದಿನ ವೈರು ಸುಟ್ಟ ಸುದ್ದಿ ಕೇಳಿ ಜವರಪ್ಪ ಟೆಸ್ಟರ್, ಟೇಪ್ ಹಿಡಕೊಂಡು ಬಂದ. ನಾಳೆಯೇ ಕೂಸಿಗೆ ಹೆಸರಿಡೋ ಶಾಸ್ತ್ರ. ಸಣ್ಣತಾಯಮ್ಮ ಅಂದಳು, "ಬೋರ, ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡ್ಲಾ."

ಮುಟ್ಟೋಕೆ ಮುಂಚೆ? ಟೆಸ್ಟರ್! ಬೋರ ಬಗ್ಗಿ ಮಾವನ ಒಡೆದ ಹಿಮ್ಮಡಿಯ ಬಿರುಕಿಗೆ ಟೆಸ್ಟರ್ ತೂರಿಸಿದ.

"ಅಯ್ಯಯ್ಯಪ್ಪಾ! ಕೊಂದ್ನಲ್ಲಪ್ಪಾ!"

"ಲೈಟ್ ಹತ್ತಿಲ್ಲ ಮಾವ, ಇನ್ನು ಮುಟ್ತೀನಿ."

ಜವರಪ್ಪ ಒಂದು ಕಾಲಲ್ಲಿ ಕುಣಿದುಕೊಂಡೇ ಬೈದ, "ದಡ್ಡ ಶಿಖಾಮಣಿ! ಟೆಸ್ಟರ್ ಬಿಸಾಕು, ಟೇಪ್ ತಗೋ. ಸುಟ್ಟಿರೋ ಕಡೆ ಕಾಣ್ದಂಗೆ ಟೇಪ್ ಸುತ್ತಿದ್ರೆ ಮುಗೀತು. ಅದಕ್ಕೇನು ಇಷ್ಟು ರಾದ್ಧಾಂತ?"

"ಆಯ್ತು ಮಾವ, ಹಂಗೇ ಮಾಡ್ತೀನಿ."

ಅಷ್ಟರಲ್ಲಿ ಒಲೆ ಮೇಲೆ ಅಕ್ಕಿರೊಟ್ಟಿ ಸೀದುಹೋಯಿತು. ಸುಟ್ಟಿರೋ ಕಡೆ ಏನು ಮಾಡಬೇಕು? ಬೋರ ರೊಟ್ಟಿಗೆ ಸುತ್ತಲೂ ಕರೀ ಟೇಪ್ ಸುತ್ತಿ, ತಟ್ಟೇಲಿಟ್ಟು, ಚಟ್ನಿ ಹಾಕಿ ಮಾವನ ಮುಂದಿಟ್ಟ.

ಜವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡವ್ವ ನಿನ್ಮಗನ್ನ! ಟೇಪ್ ಸುತ್ತಿದ್ರೆ ಸೀದ ರೊಟ್ಟಿ ಸರಿ ಹೋಯ್ತದಾ?"

ಸಣ್ಣತಾಯಮ್ಮ ನಗಲಿಲ್ಲ. ರೊಟ್ಟಿ ನೋಡಿದಳು, ಬಚ್ಚಲ ಕಡೆ ನೋಡಿದಳು, ಅಣ್ಣನ ಕಡೆ ತಿರುಗಿದಳು.

"ರೊಟ್ಟಿ ಸರಿ ಹೋಗಲ್ಲ ಅಂತ ನಿಂಗೊತ್ತು. ವೈರು ಸರಿ ಹೋಯ್ತದಾ? ಅದರಡೀಲಿ ನನ್ನ ಮಗಳು ಒದ್ದೆ ಮೈಲಿ ಕೂರ್ತಾಳೆ ಕಣಣ್ಣ! ಹಸಿ ಕೂಸು ಕಣಣ್ಣ! ನನ್ಮಗ ಪೆದ್ದ ಅಂತ ಊರಿಗೆಲ್ಲ ಗೊತ್ತು. ನೀನು ಪೆದ್ದ ಅಂತ ಯಾರಿಗೂ ಗೊತ್ತಿಲ್ವಲ್ಲ, ಅದೇ ಅಪಾಯ!"

ಅಂದವಳೇ ಎಲೆಕ್ಟ್ರಿಷಿಯನ್ ಮುನೀರನನ್ನ ಕರೆಸಿದಳು. ಮುನೀರ ಮೇನ್ ಆಫ್ ಮಾಡಿ, ವೈರು ಬಿಚ್ಚಿ ನೋಡಿ ಬಾಯಿ ಬಡಿದುಕೊಂಡ. "ಟ್ಯೂಬ್‌ಲೈಟಿಗೆ ಹಾಕೋ ವೈರಲ್ಲಿ ಗೀಸರ್ ಓಡಿಸ್ತಾರಾ? ಅರ್ತಿಂಗೂ ಕೊಟ್ಟಿಲ್ಲ! ಯಾರ್ರೀ ಆ ಪುಣ್ಯಾತ್ಮ?" ಪುಣ್ಯಾತ್ಮ ಚಾವಣಿ ನೋಡುತ್ತ ಕೂತಿದ್ದ. ಮುನೀರ ಸುಟ್ಟಿದ್ದನ್ನೆಲ್ಲ ಕಿತ್ತು ದಪ್ಪ ವೈರು ಎಳೆದ, ಅರ್ತಿಂಗ್ ಕೊಟ್ಟ, ದೊಡ್ಡ ಸಾಕೆಟ್ಟು ಹಾಕಿದ. ಹೋಗೋವಾಗ ಹೇಳಿದ, "ಬೆಳಿಗ್ಗೆ ಹಾಕಿದಾಗ ಒಂದು ಸಲ ನೋಡ್ಕೊಳಿ. ಬಿಸಿ ಆದ್ರೆ ಆಫ್ ಮಾಡಿ ನನ್ನ ಕರೀರಿ."

ಯಾವುದು ಬಿಸಿ ಆದರೆ ಅಂತ ಅವನೂ ಬಿಡಿಸಿ ಹೇಳಲಿಲ್ಲ. ಸಣ್ಣತಾಯಮ್ಮನೂ ಹೇಳಲಿಲ್ಲ.

"ಕೇಳಿಸ್ಕಂಡ್ಯೇನ್ಲಾ ಬೋರ? ಬಿಸಿ ಆಗಕ್ಕೆ ಬುಡ್ಬ್ಯಾಡ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಶಾಸ್ತ್ರದ ದಿನ ಕೊರೆಯೋ ಚಳಿ. ಕೂಸಿಗೆ ನೀರು ಹಾಕೋ ಮುಂಚೆಯೇ ಜವರಪ್ಪ ಟವಲ್ ಸುತ್ತಿಕೊಂಡು ಬಂದ. "ಗೀಸರು ತಂದೋನು ನಾನು. ಮೊದಲ ನೀರು ನನಗೇ!" ಬಕೀಟು ತುಂಬಿಸಿಕೊಂಡು, ಮುಟ್ಟಿಯೂ ನೋಡದೆ ತಲೆಗೆ ಚೊಂಬು ಎತ್ತಿ ಹುಯ್ದುಕೊಂಡ.

"ಹೂಹೂಹೂ! ಸತ್ತೇ! ಮಂಜುಗಡ್ಡೆ! ಸತ್ತೇ!"

ಮನೆಮಂದಿ ಎಲ್ಲ ಓಡಿಬಂದರು. ಬೋರ ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿಕೊಂಡು, ಒಂದು ಕೈ ಗೀಸರಿನ ಪೈಪಿನ ಮೇಲಿಟ್ಟು ಕೂತಿದ್ದ.

"ಹೆದ್ರಬ್ಯಾಡ ಮಾವ! ಕೋಳಿ ಕೂಗಿದಾಗಿಂದ ಕಾವಲಿದ್ದೀನಿ. ಪೈಪು ಒಂಚೂರು ಬೆಚ್ಚಗಾದ್ರೆ ಸಾಕು, ಆಫ್ ಮಾಡ್ತಿದ್ದೆ. ಒಂದ್ಸಲನೂ ಬಿಸಿ ಆಗಕ್ಕೆ ಬುಟ್ಟಿಲ್ಲ!"

ಸಣ್ಣತಾಯಮ್ಮ ಬಡಿಯೋಕೆ ಕೈ ಎತ್ತಿದಳು. ಗಡಗಡ ನಡುಗುತ್ತಿದ್ದ ಅಣ್ಣನನ್ನ ನೋಡಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ಬೋರ, ಆ ಬಕೀಟ ಎತ್ತಿ ನಿಮ್ಮಾವನ ತಲೆ ಮ್ಯಾಲೆ ಬೋರಲು ಹಾಕ್ಲಾ!"

"ಆಯ್ತು ಕಣವ್ವ."

ಹಾಕಿದ. ತೆಗಿ ಅಂತ ಯಾರೂ ಹೇಳಲಿಲ್ಲವಲ್ಲ, ಹಾಗೇ ಬಿಟ್ಟು ಬಂದ.