ಕಾವಿಗೆ ಕೂತ ಹೇಂಟೆಯ ಎದೆ ಬೋಳೇಕೆ

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲವದು. ಯಾವ ಕಡೆ ಹರಿಯಬೇಕೆಂದು ಹೊಳೆ ಇನ್ನೂ ಯೋಚಿಸುತ್ತಿತ್ತು. ಕೂತ ಜಾಗ ಸರಿಬರದೆ ಗುಡ್ಡಗಳು ಅತ್ತಿತ್ತ ಸರಿದು ಕೂರುತ್ತಿದ್ದವು.

ಆಗ ಯಾವ ಹಕ್ಕಿಯೂ ತನ್ನ ಮರಿಯನ್ನು ತಾನು ಬೆಚ್ಚಗಿಡುತ್ತಿರಲಿಲ್ಲ. ಅದು ಸೂರ್ಯನ ಕೆಲಸ. ಮಣ್ಣಲ್ಲಿ ಮೊಟ್ಟೆ ಇಟ್ಟು ಬಂದರೆ ಅವನೇ ಕಾವು ಕೊಡುತ್ತಿದ್ದ. ಮೊಟ್ಟೆ ಒಡೆದು ಮರಿ ಬಂದ ಮೇಲೂ ಅವನೇ ಕಾಯುತ್ತಿದ್ದ. ತಾಯಂದಿರು ಕಾಳು ಹೆಕ್ಕುತ್ತ, ಅವರಿವರ ಸುದ್ದಿ ಆಡುತ್ತ ಹಾಯಾಗಿದ್ದರು.

ಆದರೆ ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲುತ್ತಿದ್ದ. ತಡವಾಗಿ ಬಂದು ಬೇಗ ಹೋಗುತ್ತಿದ್ದ. ಅವನು ಅತ್ತ ವಾಲಿದ್ದೇ ತಡ, ಇತ್ತ ಮೂಡಗಾಳಿ ಬರುತ್ತಿತ್ತು. ಕರಿ ಎರೆಹೊಲದ ಮೇಲೆ ತಡೆಯಿಲ್ಲದೆ ಬೀಸುವ, ಮೈಮೇಲೆ ಮುಳ್ಳೆಬ್ಬಿಸುವ ಗಾಳಿ ಅದು. ಅದಕ್ಕೊಂದು ಕಾನೂನಿತ್ತು. ಯಾರು ಮಾಡಿದ್ದು? ತಾನೇ ಮಾಡಿಕೊಂಡದ್ದು.

"ನಡುಗಿದ್ದೆಲ್ಲ ನಂದು."

ಯಾವ ಮರಿ ಚಳಿಗೆ ನಡುಗಿತೋ ಅದನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಹೋದ ಮರಿ ಮತ್ತೆ ಬರುತ್ತಿರಲಿಲ್ಲ. ಕೌಜುಗ ಈ ಕಾನೂನಿಗೆ ಗೋಣು ಹಾಕಿತು. ಟಿಟ್ಟಿಭ ಗೋಣು ಹಾಕಿತು. ಲಾವಕ್ಕಿಯೂ ಗೋಣು ಹಾಕಿತು. "ಗಾಳಿಗೆ ಎದುರು ಆಡಾಕ ಆಗತೈತೇನ?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡವು.

ಚುಕ್ಕವ್ವ ಎಂಬ ಹೇಂಟೆಯೂ ಮೊದಲ ವರ್ಷ ಗೋಣು ಹಾಕಿದ್ದಳು. ಮೈತುಂಬ ಬಿಳಿ ಚುಕ್ಕೆಯ ಕೆಂದು ಹೇಂಟೆ ಅವಳು. ಆ ವರ್ಷ ಅವಳ ಹನ್ನೊಂದೂ ಮರಿಗಳು ಒಂದೇ ಮುಂಜಾನೆ ಹೋದವು. ಕೊನೆಯದು ಹೋಗುವಾಗ ಅವಳ ಕಡೆ ನೋಡಿತ್ತು. ಆ ನೋಟ ಅವಳಿಗೆ ತಿಂದ ಕಾಳು ಅರಗಗೊಡಲಿಲ್ಲ.

ಮರುವರ್ಷ ಒಂಬತ್ತು ಮರಿಗಳಾದವು. ಸೂರ್ಯ ವಾಲಿದ. ಗಾಳಿ ಬಂತು.

"ಚುಕ್ಕವ್ವಾ, ಮರಿ ಆಗ್ಯಾವಂತಲ್ಲ," ಎಂದಿತು, ನೆಂಟರ ಹಾಗೆ.

"ಆಗ್ಯಾವು. ನಿನಗಲ್ಲ," ಎಂದಳು ಚುಕ್ಕವ್ವ.

"ನಡುಗಿದ್ದೆಲ್ಲ ನಂದು. ಹ್ವಾದ ವರ್ಷ ನೀನೂ ಗೋಣು ಹಾಕಿದ್ದಿ."

"ಹಾಕಿದ್ದೆ. ಹಾಕಿ ತಪ್ಪು ಮಾಡಿದೆ. ಈಗ ಆ ಗೋಣು ವಾಪಸ್ ತಗೊಂಡೀನಿ. ಏನ ಮಾಡ್ಕೋತಿ ಮಾಡ್ಕೊ."

ಗಾಳಿಗೆ ಇಂಥ ಮಾತು ಕೇಳಿ ಗೊತ್ತಿರಲಿಲ್ಲ. "ನಾಳೆ ಹೊತ್ತು ಮೂಡಲಿ, ನೋಡೂಣು," ಎಂದು ಗುರುಗುಟ್ಟಿ ಹೋಯಿತು.

ಚುಕ್ಕವ್ವ ಮರಿಗಳನ್ನು ಕರೆದುಕೊಂಡು ನಿಂಬೆವ್ವನ ಅಂಗಳಕ್ಕೆ ಓಡಿದಳು. ನಿಂಬೆವ್ವ ಎಂದರೆ ಆ ಬಯಲಿನ ಮೊದಲ ಮುದುಕಿ. ಮೊದಲು ಒಲೆ ಹೂಡಿದವಳು, ಮೊದಲು ರೊಟ್ಟಿ ಬಡಿದವಳು. ಕೈಯ ಹದಕ್ಕೆ ಹೆಸರಾದವಳು, ಅದರ ಜಂಬವೂ ಉಂಟು.

"ಇಷ್ಟಕ್ಕ ಅಳ್ತಾರೇನ? ಬೆಂಕಿ ನನ್ನ ಮಾತ ಕೇಳತೈತಿ," ಎಂದಳು ನಿಂಬೆವ್ವ.

ಅಂಗಳದಲ್ಲಿ ಬಿದಿರು ಹೆಣೆದ ದೊಡ್ಡ ಪುಟ್ಟಿಯೊಂದನ್ನು ಇಟ್ಟಳು. ತಳಕ್ಕೆ ಜೋಳದ ಹೊಟ್ಟು ಹಾಸಿದಳು. ನಡುವೆ ಮಣ್ಣಿನ ಗಡಿಗೆಯಲ್ಲಿ ಕೆಂಡ ತುಂಬಿಟ್ಟು, ಸುತ್ತ ಮರಿಗಳನ್ನು ಬಿಟ್ಟಳು. ಆಮೇಲೆ ಗಡಿಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು. ಹಂಚು ಕಾದಿದೆಯೇ ಎಂದು ಅವಳು ದಿನಾ ನೋಡುವುದು ಹಾಗೆಯೇ. ನೀರು ಚುರ್ ಎಂದಿತು.

"ಹದ ಬಂತು!" ಎಂದಳು ಮುದುಕಿ.

ಮರಿಗಳು ಪುಟ್ಟಿಯ ಅಂಚಿಗೆ ಓಡಿದವು. ಗಡಿಗೆಗೆ ಬೆನ್ನು ಮಾಡಿ, ಬಾಯಿ ತೆರೆದು, ರೆಕ್ಕೆ ಜೋತುಬಿಟ್ಟು ತೇಕತೊಡಗಿದವು.

"ಯವ್ವಾ, ಇವು ರೊಟ್ಟಿ ಅಲ್ಲಬೇ, ಮಕ್ಕಳು!" ಎಂದು ಚುಕ್ಕವ್ವ ಕೂಗಿದಳು.

ಮುದುಕಿ ನಾಲಿಗೆ ಕಚ್ಚಿಕೊಂಡು ಕೆಂಡ ತೆಗೆದಳು. ಬರೀ ಬಿಸಿಬೂದಿ ಉಳಿಸಿದಳು. ಈಗ ಅಂಚಿನಲ್ಲಿದ್ದ ಮರಿಗಳು ನಡುವಿಗೆ ಓಡಿದವು. ಒಂದರ ಮೇಲೊಂದು ಏರಿ ಗುಡ್ಡೆಯಾದವು. ಎಲ್ಲಕ್ಕಿಂತ ಸಣ್ಣದು ಅಡಿಯಲ್ಲಿ ಸಿಕ್ಕಿ ಕೀರಲು ದನಿಯಲ್ಲಿ ಅತ್ತಿತು. ಚುಕ್ಕವ್ವ ಪುಟ್ಟಿಯೊಳಗೇ ಹಾರಿ, ಕಾಲಲ್ಲಿ ಕೆದರಿ ಅವನ್ನು ಬಿಡಿಸಿದಳು. ಕೋಳಿ ತುಳಿದರೆ ಮರಿ ಸಾಯುವುದಿಲ್ಲ, ಆದರೆ ಮರಿ ತುಳಿದರೆ ಮರಿ ಸಾಯುತ್ತದೆ.

ಅಷ್ಟರಲ್ಲಿ ಹೊತ್ತು ಮೂಡಿತು. ಬಯಲ ಅಂಚಿನಲ್ಲಿ ಗಾಳಿ ಸುಯ್ಯೆಂದಿತು.

"ಬಂತು, ಬಂತು!" ಎಂದು ನಿಂಬೆವ್ವ ಗಾಬರಿಬಿದ್ದಳು. ಅರ್ಧ ಗಡಿಗೆ ಕೆಂಡ ಹಾಕಿ, ಪುಟ್ಟಿಯ ಮೇಲೆ ಕಂಬಳಿ ಹೊದಿಸಿ, ಒಂದು ಬೆರಳೂ ಹೋಗದ ಹಾಗೆ ಸುತ್ತ ಕಲ್ಲಿಟ್ಟಳು. "ಈಗ ಗಾಳಿ ಅಲ್ಲ, ಅದರಪ್ಪ ಬಂದರೂ ಒಳಗ ನುಸಳಂಗಿಲ್ಲ."

ಗಾಳಿ ನುಸುಳಲಿಲ್ಲ, ನಿಜ. ಒಳಗಿನ ಚಿಂವ್‌ಚಿಂವ್ ಕೂಡ ನಿಂತಿತು.

"ನೋಡು, ಹ್ಯಾಂಗ ಮಲಗ್ಯಾವು," ಎಂದಳು ಮುದುಕಿ.

ಚುಕ್ಕವ್ವ ನಂಬಲಿಲ್ಲ. ಬೆಚ್ಚಗಿರುವ ಮರಿ ಮಲಗಿದರೂ ಆಗಾಗ ಗೊಣಗುತ್ತದೆ, ಪಕ್ಕದ್ದನ್ನು ಒದೆಯುತ್ತದೆ. ಇಷ್ಟು ಸುಮ್ಮನೆ ಯಾವ ಮರಿಯೂ ಇರುವುದಿಲ್ಲ. ಅವಳು ಕಲ್ಲು ಉರುಳಿಸಿ ಕಂಬಳಿ ಕಿತ್ತೆಸೆದಳು. ಒಳಗೆಲ್ಲ ಹೊಗೆ. ಒಂಬತ್ತೂ ಮರಿಗಳು ಗೋಣು ವಾಲಿಸಿ ಬಿದ್ದಿದ್ದವು. ಅವಳು ಒದ್ದ ಒದೆತಕ್ಕೆ ಪುಟ್ಟಿ ಮಗುಚಿತು, ಗಡಿಗೆ ಒಡೆಯಿತು. ಮರಿಗಳು ಹೊರಗುರುಳಿ, ಕೆಮ್ಮಿ, ಒಂದೊಂದಾಗಿ ಕಣ್ಣು ತೆರೆದವು.

ಚೆಲ್ಲಿದ ಕೆಂಡವನ್ನೆಲ್ಲ ಗಾಳಿ ಒಂದೇ ಉಸಿರಿಗೆ ಎತ್ತಿಕೊಂಡು ಹೋಗಿ ದೂರದ ಕೆಸರಲ್ಲಿ ಹಾಕಿ ಬಂತು. ನಿಂಬೆವ್ವ ಒಲೆಯ ಕಡೆ ನೋಡಿದಳು. ಅಲ್ಲಿಯೂ ಬೂದಿಯೇ. ಮುದುಕಿ ನೆಲಕ್ಕೆ ಕೂತು ಅತ್ತಳು. "ನನ್ನ ಹದ ಸುಳ್ಳಾತು, ತಂಗಿ."

"ನಿನ್ನ ಹದ ಸುಳ್ಳಲ್ಲಬೇ," ಎಂದಳು ಚುಕ್ಕವ್ವ. "ಬೆಂಕಿಗೆ ಮರಿಯ ಮನಸ್ಸು ಗೊತ್ತಾಗಂಗಿಲ್ಲ. ಸಾಕಾದಾಗ ಹೊರಗ, ಬೇಕಾದಾಗ ಒಳಗ. ಹಂಗ ಇರಬೇಕು ಇವಕ್ಕ."

ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣ ಮರಿ ನಡುಗಿತು.

"ನಂದು!" ಎಂದು ಗಾಳಿ ನುಗ್ಗಿತು.

ಚುಕ್ಕವ್ವ ಆ ಮರಿಯನ್ನು ಎದೆಯಡಿಗೆ ಎಳೆದುಕೊಂಡಳು. ಆದರೂ ಅದು ನಡುಗುತ್ತಲೇ ಇತ್ತು. ಅವಳಿಗೆ ಆಗ ಹೊಳೆಯಿತು. ಎದೆಯ ಮೇಲೆ ಅಷ್ಟು ದಪ್ಪ ಗರಿ. ಅವು ಗಾಳಿಯನ್ನು ಅವಳಿಂದ ದೂರ ಇಟ್ಟಿದ್ದವು, ಅವಳ ಬಿಸುಪನ್ನು ಮರಿಯಿಂದಲೂ ದೂರ ಇಟ್ಟಿದ್ದವು.

ಅವಳು ಕೊಕ್ಕು ಬಗ್ಗಿಸಿ ಎದೆಯ ಒಂದು ಗರಿ ಕಿತ್ತಳು. ನೋವಾಯಿತು. ಇನ್ನೊಂದು ಕಿತ್ತಳು. ಇನ್ನೂ ನೋವಾಯಿತು. ಕೌಜುಗ ಬೇಲಿಯಿಂದ, "ಹುಚ್ಚಿ ಆದೇನ? ಚಳಿಯಾಗ ಯಾರಾದ್ರೂ ಅರಿವಿ ಬಿಚ್ಚತಾರೇನ?" ಎಂದಿತು. ಚುಕ್ಕವ್ವನ ಬಾಯಿತುಂಬ ಗರಿಯಿತ್ತು. ಕಿತ್ತಳು, ಕಿತ್ತಳು, ಕೆಂಪು ತೊಗಲು ಕಾಣುವವರೆಗೆ ಕಿತ್ತಳು. ಆ ಗರಿಗಳನ್ನೇ ನೆಲಕ್ಕೆ ಹಾಸಿ, ಒಂಬತ್ತೂ ಮರಿಗಳನ್ನು ಕರೆದು, ಬರಿಯ ಎದೆಯನ್ನು ಅವುಗಳ ಮೇಲೆ ಊರಿ ಕೂತಳು.

ಸಣ್ಣ ಮರಿಯ ನಡುಕ ನಿಂತಿತು.

ಆದರೆ ಚುಕ್ಕವ್ವನ ಮೈ ನಡುಗತೊಡಗಿತು.

ಗಾಳಿ ನಕ್ಕಿತು. "ಕಾನೂನು ಕಾನೂನ. ಈಗ ನೀನ ನಡುಗಾಕತ್ತಿ."

"ಹೌದು, ನಡುಗಾಕತ್ತೀನಿ," ಎಂದಳು ಚುಕ್ಕವ್ವ. "ಏನೀಗ? ನಡುಗಿದವರು ಸೋತವರು ಅಂತ ಯಾರು ಹೇಳಿದ್ರು ನಿನಗ? ಬಾ, ಎತ್ತು. ನಿನ್ನ ಕೈಲಾದ್ರ ಎತ್ತು."

ಗಾಳಿಗೆ ರೇಗಿತು. ಎದುರಿನಿಂದ ಬೀಸಿತು. ಅವಳು ಉಗುರು ನೆಲಕ್ಕಿಳಿಸಿದಳು. ಹಿಂದಿನಿಂದ ಬೀಸಿತು. ಅವಳು ಗಿರ್ರನೆ ತಿರುಗಿ ಕೂತಳು. ಬಗ್ಗಿ ಅಡಿಯಿಂದ ಬೀಸಿತು. ಅವಳು ಎರಡೂ ರೆಕ್ಕೆಯ ಅಂಚನ್ನು ಮಣ್ಣಿಗೊತ್ತಿ, ಬೆನ್ನಿನ ಗರಿಯನ್ನೆಲ್ಲ ನಿಮಿರಿಸಿದಳು. ಇದ್ದ ಚುಕ್ಕವ್ವ ಎರಡರಷ್ಟಾದಳು. ನಿಮಿರಿದ ಗರಿಗಳ ನಡುವೆ ಬಿಸುಪು ಸಿಕ್ಕಿ ಅಲ್ಲೇ ನಿಂತಿತು.

"ಎತ್ತು!" ಎಂದಳು. ಗಾಳಿ ಎಳೆಯಿತು.

"ಎತ್ತು!" ಎಂದಳು. ಗಾಳಿ ನಿಂಬೆವ್ವನ ಸೂರು ಹಾರಿಸಿತು, ಪುಟ್ಟಿಯನ್ನು ಹೊಲದಾಚೆ ಉರುಳಿಸಿತು. ಚುಕ್ಕವ್ವ ಜಗ್ಗಲಿಲ್ಲ. ಒಳಗೊಳಗೆ ಅವಳಿಗೆ ಹೆದರಿಕೆ ಇರಲಿಲ್ಲವೇ? ಇತ್ತು. ತುಂಬ ಇತ್ತು. ಆದರೆ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಣ್ಣ ಮರಿಗೆ ಒಳಗೆ ಸೆಕೆಯಾಯಿತು. ಅದು ರೆಕ್ಕೆಯ ಸಂದಿಯಿಂದ ತಲೆ ಹೊರಹಾಕಿ ಗಾಳಿಯ ಮುಖವನ್ನೇ ನೋಡಿತು. ಗಾಳಿ ಅದರ ಕೊರಳು ಮುಟ್ಟಿ ನೋಡಿತು. ಬೆಚ್ಚಗಿತ್ತು. ನಡುಕದ ಸುಳಿವೇ ಇರಲಿಲ್ಲ. ಮರಿ "ಚಿಂವ್" ಎಂದು, ಸಾಕೆನಿಸಿದಾಗ ತಾನಾಗಿಯೇ ಒಳಗೆ ಹೋಯಿತು.

ಗಾಳಿ ಏದುಸಿರು ಬಿಟ್ಟಿತು. ಮುಂಜಾನೆಯಿಂದ ಬೀಸಿ ಬೀಸಿ ಅದಕ್ಕೂ ಸುಸ್ತಾಗಿತ್ತು. "ಮುಂದಿನ ವರ್ಷ ಬರ್ತೀನಿ," ಎಂದಿತು.

"ಬಾ," ಎಂದಳು ಚುಕ್ಕವ್ವ. "ನಾನೂ ಕುಂತಿರ್ತೀನಿ."

ಗಾಳಿ ಹೋದ ಮೇಲೆ ಕೌಜುಗ ಬೇಲಿಯಿಂದ ಇಳಿದು ಬಂದು ತನ್ನ ಎದೆಯ ಒಂದು ಗರಿ ಕಿತ್ತಿತು. ಟಿಟ್ಟಿಭವೂ ಕಿತ್ತಿತು. ಲಾವಕ್ಕಿಯೂ ಕಿತ್ತಿತು. ಮೂಡಗಾಳಿಯ ಕಾನೂನಿಗೆ ಆಮೇಲೆ ಯಾರೂ ಗೋಣು ಹಾಕಲಿಲ್ಲ. ಮೊಟ್ಟೆಗೂ ಮರಿಗೂ ತಾಯಂದಿರೇ ಕಾವು ಕೊಡತೊಡಗಿದರು.

ಗಾಳಿ ಆಡಿದ ಮಾತು ತಪ್ಪಿಲ್ಲ, ಪ್ರತಿ ಚಳಿಗಾಲ ಬರುತ್ತದೆ. ಹೇಂಟೆಯೂ ತಪ್ಪಿಲ್ಲ. ಇವತ್ತಿಗೂ ಕಾವಿಗೆ ಕೂತ ಹೇಂಟೆ ಗರಿ ಕೆದರಿ ಎರಡರಷ್ಟಾಗುತ್ತದೆ, ಹತ್ತಿರ ಹೋದರೆ ಕಾಳು ಹಾಕಿದ ಕೈಯನ್ನೂ ಲೆಕ್ಕಿಸದೆ ಕುಟುಕುತ್ತದೆ. ಅದರ ಎದೆಗೂ ಮರಿಗೂ ನಡುವೆ ಒಂದು ಗರಿಯೂ ಇಲ್ಲವೆಂಬುದು ಕೈ ಹಾಕಿ, ಕುಟುಕಿಸಿಕೊಂಡು, ಬೆರಳು ಚೀಪುತ್ತ ನನ್ನ ಮುಂದೆ ನಿಂತಿರುವ ನಿನಗೆ ಈಗ ಗೊತ್ತಲ್ಲ.